ಬಂಬೂ ಬಜಾರಿನಲ್ಲಿ ನಾಮಕರಣ

ರೇಸ್‌ಕೋರ್ಸಿನಿಂದ ಬಂದಾಗ ಅದರ ಜೊತೆ ಒಂದು ಕಾಗದವಿತ್ತು.
ಕಾಗದದಲ್ಲಿ ಇಂಗ್ಲಿಷಿನ ಉದ್ದ ಹೆಸರು.
ಅಪ್ಪ ಓದಲು ಹೋಗಿ ಅರ್ಧದಲ್ಲೇ ಕೆಮ್ಮಿದರು.
‘ಸೋತ ಹೆಸರು ನಮಗೆ ಬೇಡ’ ಅಂದಳು ಪಿಳ್ಳಜ್ಜಿ,
ಮಡಚಿ ಹುರುಳಿ ಡಬ್ಬದ ಕೆಳಗಿಟ್ಟಳು,
ಆಮೇಲೆ ಕುದುರೆಯ ಹಿಂದೆ ಬಗ್ಗಿ ನೋಡಿ,
‘ಬೀಜ ಒಡೆಸಿಲ್ಲ. ಹಾಗಾದ್ರೆ ಗಟ್ಟಿ ಹೆಸರೇ ಆಗ್ಬೇಕು.’

ಒಂದು ವಾರ ಬಂಬೂ ಬಜಾರೆಲ್ಲ ಹೆಸರು ಕೊಟ್ಟಿತು.
ಲಾಳ ಹೊಡೆಯುವ ಬುಡನ್ ಸಾಬರು
ಬಾಯಲ್ಲಿ ಮೊಳೆ ಕಚ್ಚಿಕೊಂಡೇ ‘ಶಂಶೇರ್’ ಅಂದರು;
ಮೊಳೆಯೊಂದು ಉದುರಿತು.
ಬ್ಯಾಂಡ್‌ಸೆಟ್ಟಿನ ಅಂತೋಣಿ, ‘ಕರ್ನಲ್’.
ಏಣಿ ಅಂಗಡಿಯ ಮುನಿರಾಜು ‘ರಣಭೈರವ’ ಎಂದು
ಬಿದಿರ ಸೀಳಿನ ಮೇಲೆ ಬರೆದೇ ತಂದ.
ನಮ್ಮ ನಂಜುಂಡ, ಎಂಟನೇ ಕ್ಲಾಸು, ‘ಟರ್ಬೋ’.

ಪರೀಕ್ಷೆ ನನ್ನದು,
ಮದುವೆ ಮೆರವಣಿಗೆಯಲ್ಲಿ ಲಗಾಮು ಹಿಡಿಯುವವಳು ನಾನು ತಾನೆ.
ಹಿಂದೆ ಬಸ್ಸು ಹಾರ್ನ್ ಒತ್ತುವಾಗ,
ಬೆನ್ನ ಮೇಲೆ ಮದುಮಗ ಪೇಟ ಹಿಡಿದು ವಾಲುವಾಗ
ಒಂದೇ ಉಸಿರಿಗೆ ಹೊರಬೀಳಬೇಕು ಹೆಸರು.
‘ರಣಭೈರವ’ ಮುಗಿಯುವಷ್ಟರಲ್ಲಿ ಮದುಮಗ ಮೋರಿಯಲ್ಲಿರುತ್ತಾನೆ.
‘ಶಂಶೇರ್’ ಅಜ್ಜಿಯ ಬೊಚ್ಚುಬಾಯಲ್ಲಿ ಬರೀ ಗಾಳಿ.
‘ಕರ್ನಲ್’ ಅಂದರೆ ಅದು ಬಾಲವನ್ನೂ ಎತ್ತಲಿಲ್ಲ;
‘ಟರ್ಬೋ’ ಅಂದಾಗ ಎತ್ತಿತು, ಲದ್ದಿ ಹಾಕಿತು.

ಹೇಳಲು ನಾಚಿಕೆಯಾಗುವುದೊಂದಿತ್ತು.
ತಮಟೆಗೆ, ಪಟಾಕಿ ಸರಕ್ಕೆ ಕದಲದ ನಮ್ಮ ಗಂಡು
ರಸ್ತೆಗೆ ಬಳಿದ ಬಿಳಿ ಪಟ್ಟೆಗಳನ್ನು ಹಳ್ಳವೆಂದು ಹಾರುತ್ತಿತ್ತು.
ಅದಾದರೂ ಹೋಗಲಿ,
ಆಕಾಶ ಗುಡುಗಿದರೆ ಅದು ಕುದುರೆಯೇ ಅಲ್ಲ.

ಏಪ್ರಿಲ್ ಕೊನೆಯ ಶನಿವಾರ
ಕಂಟೋನ್ಮೆಂಟ್ ಸ್ಟೇಷನ್ ಕಡೆಯಿಂದ ಮೋಡ ಎದ್ದು
ಮೊದಲ ಸದ್ದಿಗೇ ಗೂಟ ಕಿತ್ತು,
ಬಿದಿರ ರಾಶಿಗಳ ನಡುವೆ ನುಗ್ಗಿ,
ಎರಡು ಆಟೋದ ಕನ್ನಡಿ ಮುರಿದು ನಿಂತಿತು. ಮೈಯೆಲ್ಲ ನೊರೆ.
ಮುನಿರಾಜು ನಕ್ಕ. ಆಟೋದವರು ನಗಲಿಲ್ಲ.
ಅಪ್ಪ ಕನ್ನಡಿಯ ದುಡ್ಡು ಎಣಿಸುತ್ತ
‘ಇದಕ್ಕೆ ಗಟ್ಟಿ ಹೆಸರು ಬೇರೆ ಕೇಡು’ ಅಂದರು.

ಅಜ್ಜಿ ಮಾತ್ರ ಸೆರಗಿನಿಂದ ಅದರ ಕುತ್ತಿಗೆ ಒರೆಸಿ
ತೊಟ್ಟಿಲ ಕೂಸಿಗೆ ಹೇಳುವ ಹಾಗೆ
ಕಿವಿಯಲ್ಲಿ ಮೂರು ಸಲ ಹೇಳಿದಳು:
ಗುಡುಗ. ಗುಡುಗ. ಗುಡುಗ.
ಹಲ್ಲು ಬೇಕಿಲ್ಲದ ಹೆಸರು.

‘ಇನ್ಮೇಲೆ ಮೇಲಿನೋನು ಕೂಗಿದ್ರೆ
ನನ್ನೇ ಕರೀತಾವ್ನೆ ಅಂದ್ಕೊಳ್ಳಲಿ.
ಕರೆದೋರಿಗೆ ಹೆದರಿ ಓಡೋರುಂಟಾ?’
‘ಬಡ್ಡಿಯವನು ಕರೆದರೆ ನಾನು ಓಡ್ತೀನಿ’ ಅಂದರು ಅಪ್ಪ.

ಹುರುಳಿ ಇಡುವಾಗ ಗುಡುಗ,
ಮೈ ತಿಕ್ಕುವಾಗ ಗುಡುಗ,
ಕಾಲು ತುಳಿದಾಗ, ಹಲ್ಲು ಕಚ್ಚಿ, ಗುಡುಗ.
ಮುಂದಿನ ಮಳೆ ರಾತ್ರಿ ಬಂತು, ಕರೆಂಟು ಹೋದ ಮೇಲೆ.
ಗೋಣಿ ಹೊದ್ದು ಲಾಯದ ಬಾಗಿಲಲ್ಲಿ ನಿಂತೆ.
ಮಿಂಚಿತು. ಎಣಿಸಿದೆ: ಒಂದು, ಎರಡು,
ಮೂರಕ್ಕೆ ಆಕಾಶ ಅದರ ಹೆಸರು ಪೂರ್ತಿ ಹೇಳಿತು,
ನಾವ್ಯಾರೂ ಹೇಳಲಾಗದಷ್ಟು ಪೂರ್ತಿ.

ನಡುಗಿತು. ಸುಳ್ಳು ಯಾಕೆ, ಕಾಲು ನಾಲ್ಕೂ ನಡುಗಿದವು,
ಹಗ್ಗ ಬಿಗಿದು ತಂತಿಯಾಯಿತು.
ಆದರೆ ಎಡಗಿವಿ,
ಬಕೆಟ್ಟಿನ ಹಿಡಿ ಕಿರುಗುಟ್ಟಿದರೆ ನನ್ನತ್ತ ಹೊರಳುವ ಅದೇ ಎಡಗಿವಿ,
ಮೆಲ್ಲಗೆ ಮೇಲಕ್ಕೆ ತಿರುಗಿತು,
ಅಲ್ಲೇ ನಿಂತಿತು.

ನಾನು ಒಳಗೆ ಹೋಗಿ
ಗೂಟವನ್ನು ಇನ್ನೆರಡು ಏಟು ಬಡಿದೆ.