ಕಾರಣ: ಹೊಟ್ಟೆನೋವು

ನೊಶಿರೊ ಊರಿನ ಈ ಶಾಲೆಯಲ್ಲಿ
ಶೂ ಕಪಾಟುಗಳ ಪಕ್ಕದ್ದು ನನ್ನ ಕೋಣೆ.
ಎರಡು ಮಂಚ, ಒಂದು ಸೀಮೆಎಣ್ಣೆ ಒಲೆ,
ಕಡಲ ಕಡೆಗೊಂದು ಕಿಟಕಿ. ನವೆಂಬರಿನಿಂದಾಚೆ
ಅದರಲ್ಲಿ ಕಡಲಿರುವುದಿಲ್ಲ, ಬರೀ ಬಿಳಿ ಗದ್ದಲ.

ಮೇಜಿನ ಮೇಲೆ ದಪ್ಪ ವಹಿ:
ಹೆಸರು, ತರಗತಿ, ಜ್ವರ, ಕಾರಣ.
ಇಪ್ಪತ್ತಮೂರು ವರ್ಷ ನರ್ಸಮ್ಮನಾಗಿ ಕಲಿತದ್ದಿಷ್ಟು:
ಹದಿಮೂರು ದಾಟಿದವರ ಬಳಿ ಕಾರಣಗಳು ಕಮ್ಮಿ.
ಹೊಟ್ಟೆನೋವು. ತಲೆನೋವು. ನಿದ್ದೆ ಸಾಲದು.
ಉಳಿದದ್ದೆಲ್ಲ ಇವುಗಳ ಬೆನ್ನ ಹಿಂದೆ
ಚಪ್ಪಲಿ ಬಿಟ್ಟು ಹೊರಗೆ ನಿಂತಿರುತ್ತದೆ.

ಇಬುಕಿ ಬಂದದ್ದು ಮೊದಲ ಹಿಮದ ವಾರ.
ಹೊಟ್ಟೆನೋವು, ಅಂದ.
ಮೂವತ್ತಾರು ಪಾಯಿಂಟು ನಾಲ್ಕು, ಅಂದಿತು ಥರ್ಮಾಮೀಟರು.
ಅದು ಸುಳ್ಳು ಹೇಳುವುದಿಲ್ಲ,
ನಿಜವನ್ನೂ ಪೂರ್ತಿ ಹೇಳುವುದಿಲ್ಲ.
ಏನೇನು ಹೊಟ್ಟೆಗೆ ಹಾಕಿಕೊಂಡಿದ್ದನೋ ಹುಡುಗ,
ನೋಯದೆ ಇನ್ನೇನು.

ಮಾರನೇ ದಿನವೂ ಬಂದ. ಆಮೇಲೆ ಇಲ್ಲಿಗೇ ಬರತೊಡಗಿದ.
ತರಗತಿ ಎರಡು ಮಹಡಿ ಮೇಲೆ.
ಮೆಟ್ಟಿಲು ಮೂವತ್ತೆರಡು. ಎಣಿಸಿದ್ದನಂತೆ,
ಕೆಳಗೇ ನಿಂತು.

ನಾನು ಏನೂ ಕೇಳಲಿಲ್ಲ. ಕೇಳುವವರು ಬೇಕಾದಷ್ಟಿದ್ದರು:
ಕ್ಲಾಸ್ ಟೀಚರ್ ಒಕುಯಾಮ, ಮಂಗಳವಾರದ ಕೌನ್ಸೆಲರು,
ಮೀನು ಕಾರ್ಖಾನೆಯ ಪಾಳಿ ಮುಗಿಸಿ ಓಡಿಬಂದ ತಾಯಿ,
ಕೈಗೆ ಇನ್ನೂ ಮಂಜುಗಡ್ಡೆಯ ವಾಸನೆ.
ಬ್ಯಾಂಡೇಜು ಬಟ್ಟೆಯ ಸುರುಳಿ ಅವನ ಮುಂದಿಟ್ಟೆ.
ಐದು ಸೆಂಟಿಮೀಟರು ಚೌಕ, ಕತ್ತರಿಸು.
ಕತ್ತರಿಸಿದ,
ಇಡೀ ಶಾಲೆ ಒಟ್ಟಿಗೆ ಮಂಡಿ ಕೆತ್ತಿಕೊಂಡರೂ ತೀರದಷ್ಟು.

ಜನವರಿಯ ಒಂದು ಮಧ್ಯಾಹ್ನ, ಕತ್ತರಿಯಿಂದ ಕಣ್ಣೆತ್ತದೆ,
"ನನ್ನ ದನಿ ಅಣಕಿಸ್ತಾರೆ," ಅಂದ.
ಮೂರು ಪದದೊಳಗೆ ಎರಡು ಸಲ ಜಾರಿತು ದನಿ,
ಹಿಮದ ಮೇಲಿನ ಸೈಕಲ್ಲಿನ ಹಾಗೆ.
ಒಲೆಯ ಮೇಲೆ ಕೆಟಲು ತನ್ನ ಪಾಡಿಗೆ ಗುನುಗುತ್ತಿತ್ತು.
"ಹೂಂ," ಅಂದೆ.
ಬೇರೇನಾದರೂ ಹೊಳೆದಿದ್ದರೆ ಹೇಳಿಬಿಡುತ್ತಿದ್ದೆ.
ಹೊಳೆಯದ್ದು ಒಳ್ಳೆಯದಾಯಿತು.

"ಪ್ರಗತಿ ಏನು?" ಸಭೆಯಲ್ಲಿ ಕೇಳಿದರು ಉಪಮುಖ್ಯೋಪಾಧ್ಯಾಯರು.
"ಒಂಬೈನೂರು ತುಂಡು ಬ್ಯಾಂಡೇಜು," ಅಂದೆ.
ಯಾರೂ ನಗಲಿಲ್ಲ. ಒಕುಯಾಮ ಮಾತ್ರ ಮರುದಿನದಿಂದ
ಪಾಠದ ಹಾಳೆಗಳನ್ನು ತಾನೇ ತಂದು ಬಾಗಿಲ ಸಂದಿಗೆ ಸಿಕ್ಕಿಸಿದ.
ಗಣಿತದ ಮೂಲೆಯಲ್ಲಿ
ಬೆಕ್ಕೋ ಮೊಲವೋ ತಿಳಿಯದ ಒಂದು ಚಿತ್ರ.

ಏಪ್ರಿಲ್. ಎತ್ತರ ಅಳೆಯುವ ದಿನ.
ಕೈ ಸಾಲದೆ ಅವನನ್ನು ಕರೆದೆ, ಉಪಾಯವೇನಲ್ಲ.
ಅಳತೆಗಂಬದ ಪಕ್ಕ ನಿಂತ. ಸಾಕ್ಸಿನ ಕಾಲುಗಳ ಸಾಲು ಬಂತು.
"ಹಿಮ್ಮಡಿ ಒತ್ತಿ. ಗದ್ದ ಒಳಗೆ."
ಸಾಲಿನಲ್ಲೊಬ್ಬ ಅದನ್ನೇ ತಿರುಗಿ ಹೇಳಿದ,
ಒಡಕಿನ ಸಮೇತ.
ನನ್ನ ಪೆನ್ನು ನಿಂತಿತು.

ಅವನ ಸರದಿಯೂ ಬಂತು.
ಇಬುಕಿ ಪಟ್ಟಿಯನ್ನು ಇಳಿಸಿದ, ನಿಧಾನ,
ಮಲಗಿದ ಮಗುವಿಗೆ ಹೊದಿಕೆ ಎಳೆಯುವಷ್ಟು ನಿಧಾನ,
ಆ ನೆತ್ತಿಯ ಮೇಲೆ.
"ನೂರ ಐವತ್ತೆಂಟು ಪಾಯಿಂಟು ಒಂದು."
"ಇನ್ನೊಂದ್ಸಲ ನೋಡೋ," ಅಂದ ಆ ಹುಡುಗ, ದನಿ ತಗ್ಗಿಸಿ.
"ಎರಡು ಮಾಡು, ಮಾರಾಯ."
ಇಬುಕಿ ಬಗ್ಗಿ ಮತ್ತೆ ನೋಡಿದ.
"ಒಂದೇ," ಅಂದ.
ನಾನು ಒಂದೇ ಬರೆದೆ.

ಎಲ್ಲರೂ ಹೋದ ಮೇಲೆ ಅವನನ್ನು ನಿಲ್ಲಿಸಿದೆ.
ಹೋದ ವರ್ಷಕ್ಕಿಂತ ಒಂಬತ್ತು ಸೆಂಟಿಮೀಟರು.
ಈ ಪರದೆಯ ಹಿಂದೆ, ಈ ಒಲೆಯ ಶಾಖಕ್ಕೆ,
ನಾನು ನೋಡುತ್ತಿದ್ದಾಗಲೇ,
ನನಗೆ ಗೊತ್ತಾಗದೆ.

ಮಾರನೇ ದಿನ ಮತ್ತೆ ಬಂದ. ಹೊಟ್ಟೆನೋವು.
ಬರೆದುಕೊಂಡೆ.
ಎರಡನೇ ಮಂಚದಲ್ಲಿ ಆಗಲೇ ಯಾರೋ ಹೊಸ ಹುಡುಗಿ,
ಪರದೆಯ ಕೆಳಗೆ ಅವಳ ಚಪ್ಪಲಿಯಷ್ಟೇ ಕಾಣುತ್ತಿತ್ತು.
ಅವನೂ ನೋಡಿದ. ಕತ್ತರಿಯ ಸದ್ದು ಕಮ್ಮಿ ಮಾಡಿದ.

ಮೂರನೇ ಪಿರಿಯಡ್ಡಿನ ಗಂಟೆಗೆ ಎದ್ದು ಹೊರಗೆ ಹೋದ.
ತಿರುಗಿ ಬಂದಾಗ ಏದುಸಿರು.
"ಹನ್ನೊಂದು," ಅಂದ.
ವಹಿಯ ಅಂಚಿನಲ್ಲಿ ಬರೆದುಕೊಂಡೆ.