ತಟ್ಟಿ ನೋಡುವುದು

ಎಂಓಟಿ ಪರೀಕ್ಷೆಯಲ್ಲಿ ಮೈಕ್ರಾ ನಪಾಸಾದ ದಿನ
ಗ್ಯಾರೇಜಿನ ಹುಡುಗ ಚೀಟಿ ಕೊಟ್ಟ,
ಎರಡೂ ಬದಿ ಬರೆದ ಚೀಟಿ.
ರಿಪೇರಿಗೆ ಒಂಬೈನೂರು. ಗುಜರಿಗೆ ಹಾಕಿದರೆ ನೂರಾ ಎಂಬತ್ತು.
ಇಷ್ಟು ದಿನ ದುಡಿದದ್ದಕ್ಕೆ ಏನೂ ಇಲ್ಲವಾ
ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.
ಅವನಿಗೆ ಇಪ್ಪತ್ತು ವರ್ಷ ಇದ್ದೀತು,
ಕಾರಿಗೆ ಹತ್ತೊಂಬತ್ತು.

ನನ್ನ ಕೆಲಸ ಮನೆ ಮನೆಗೆ ಹೋಗುವುದು.
ಬೆಳಿಗ್ಗೆ ಆರಕ್ಕೆ ಬರ್ಸ್ಲೆಮ್‌ನಲ್ಲಿ ಒಬ್ಬರಿಗೆ ಮಾತ್ರೆ,
ಏಳಕ್ಕೆ ಟನ್‌ಸ್ಟಾಲ್‌ನಲ್ಲಿ ಒಬ್ಬರಿಗೆ ಸ್ನಾನ,
ಎಂಟಕ್ಕೆ ಮತ್ತೊಬ್ಬರ ಊದಿದ ಕಾಲಿಗೆ ಬಿಗಿ ಕಾಲುಚೀಲ.
ಆರು ಊರು ಸೇರಿ ಒಂದಾಗಿಯೂ
ಇನ್ನೂ ಒಂದಾಗದ ಈ ಸ್ಟೋಕ್‌ನಲ್ಲಿ
ಕಾರಿಲ್ಲದ ನಾನು ತಿಗರಿಯಿಲ್ಲದ ಕುಂಬಾರ.

ಕೈಯಲ್ಲಿದ್ದದ್ದು ಸಾವಿರದ ಇನ್ನೂರು ಪೌಂಡು.
ಅದರಲ್ಲಿ ಇನ್ನೂರು, ಇಂದುಧರ ಹಲ್ಲು ಕಟ್ಟಿಸಲು ಎತ್ತಿಟ್ಟದ್ದು.
"ಅಗಿಯೋಕೆ ಇನ್ನೊಂದು ಕಡೆ ಇದೆಯಲ್ಲ" ಅಂದ, ಅಷ್ಟೇ.

ಹ್ಯಾನ್ಲಿಯ ಹುಡುಗನ ಕೋರ್ಸಾದಲ್ಲಿ ನಿಂಬೆ ಪರಿಮಳ,
ಅದರಡಿ ಸಿಗರೇಟು, ಅದರಡಿ ನಾಯಿ,
ಅದರಡಿ ಒಣಗದ ಕಂಬಳಿ.
ವಾಸನೆಯ ವಿಷಯದಲ್ಲಿ ನನಗೆ ಟೋಪಿ ಹಾಕಬೇಡ ಮಗು,
ನನಗೆ ಸಂಬಳ ಬರುವುದೇ ಅದರಿಂದ.

ಎರಡನೆಯದು ಬಾವುಟ ಕಟ್ಟಿದ ಅಂಗಡಿಯಲ್ಲಿ.
"ಎಂಥ ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್" ಎಂದ ಟೈ ಕಟ್ಟಿದವ.
ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ,
ಹಣೆ ಮುಟ್ಟಿ ನೋಡುವ ಹಾಗೆ. ಸುಡುತ್ತಿತ್ತು.
ನಾನು ಬರುವ ಮೊದಲೇ ಯಾರೋ ಎಬ್ಬಿಸಿ, ಓಡಾಡಿಸಿ,
ಮುಖ ತೊಳೆಸಿ ನಿಲ್ಲಿಸಿದ್ದರು,
ಹೆಣ್ಣು ನೋಡಲು ಬಂದವರ ಮುಂದೆ ನಿಲ್ಲಿಸಿದಂತೆ.

ಮೂರನೆಯದು ಲಾಂಗ್ಟನ್ನಿನ ಡೋರೀನ್ ಬ್ಲೋರ್ ಎಂಬಾಕೆಯ ಜಾಝ್.
"ಬಾ ಡಕ್" ಅಂದಳು. ಇಲ್ಲಿ ಎಲ್ಲರೂ ಬಾತುಕೋಳಿಗಳೇ,
ಬಸ್ ಡ್ರೈವರು, ಡಾಕ್ಟರು, ಪೊಲೀಸು;
ಮೊದಲ ವರ್ಷ ನಾನು, ನನ್ನ ನಡಿಗೆ ನೋಡಿ ಅನ್ನುತ್ತಾರೆ ಅಂದುಕೊಂಡಿದ್ದೆ.
ಕಾರು ಗಂಡನದು. ಅವನ ಕಣ್ಣು ಹೋಗಿ ವರ್ಷವಾಯಿತು.
ಆದರೂ ಒಳಗೆ ಕೂತು ರೇಡಿಯೋ ಕೇಳುತ್ತಾನಂತೆ.
ಈಗಲೂ ಕೂತಿದ್ದ. ಇಳಿಯಲಿಲ್ಲ.

ಮಂಡಿಯೂರಿ, ಬಾಗಿಲ ಕೆಳಗಿನ ಪಟ್ಟಿಯನ್ನು
ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದೆ.
ಹಡಗಲಿಯಲ್ಲಿ ನಮ್ಮಜ್ಜಿ ಕೊಡ ಕೊಳ್ಳುತ್ತಿದ್ದದ್ದು ಹೀಗೇ,
ಕಣ್ಣು ಮುಚ್ಚಿ, ಕಿವಿಗೊಟ್ಟು:
ಠಣ್ ಅಂದರೆ ಕಾಸು, ಡೊಬ್ ಅಂದರೆ ಮುಂದಿನ ಅಂಗಡಿ.
ಠಣ್, ಠಣ್, ಠಣ್.
ಹಿಂದಿನ ಚಕ್ರದ ಹತ್ತಿರ ಡೊಬ್.

ತಲೆಯೆತ್ತಿದರೆ ಡೋರೀನ್ ನಗುತ್ತಿದ್ದಾಳೆ,
ಸಿಕ್ಕಿಬಿದ್ದವಳ ನಗುವಲ್ಲ.
ಮೂವತ್ತೊಂದು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ
ತಟ್ಟೆ ತಟ್ಟಿ, ಬಿರುಕು ಕೇಳಿ, ಆಚೆ ಎತ್ತಿಟ್ಟವಳಂತೆ.
"ಅಲ್ಲಿ ತುಕ್ಕಿದೆ ಡಕ್, ಹೇಳುವವಳೇ ಇದ್ದೆ.
ನಿನಗೆ ಕೇಳಿಸುತ್ತಾ ಅಂತ ನೋಡಿದೆ."

ಅವಳು ಸಾವಿರದ ಮುನ್ನೂರೈವತ್ತು. ನಾನು ಸಾವಿರದ ನೂರು.
ಟೀ ತಂದಳು, ಇಳಿಯಲಿಲ್ಲ.
ಕುಡಿದೆ, ಏರಲಿಲ್ಲ.
ಮುದುಕ ರೇಡಿಯೋದ ಸದ್ದು ತಗ್ಗಿಸಿ
"ಬಾಗಿಲು ಹೇಗೆ ಹಾಕುತ್ತಾಳೆ ಕೇಳೋಣ" ಅಂದ.
ಹಾಕಿದೆ. ರೋಗಿಗೆ ಆಗಷ್ಟೇ ನಿದ್ದೆ ಹತ್ತಿದ ಕೋಣೆಯಿಂದ
ಹೊರಬರುವಾಗ ಹಾಕುವ ಹಾಗೆ; ಅದೊಂದೇ ರೀತಿ ನನಗೆ ಗೊತ್ತು.
"ಸಾವಿರದ ಇನ್ನೂರಕ್ಕೆ ಕೊಟ್ಟುಬಿಡು" ಅಂದ.
ಹಾಡು ಮುಗಿಯುವವರೆಗೆ ಆಮೇಲೂ ಇಳಿಯಲಿಲ್ಲ.
ಇಬ್ಬರೂ ಅಂಗಳದಲ್ಲಿ ನಿಂತು ಕಾದೆವು.

ಮಂಗಳವಾರ ಗುಜರಿಯವ ಬಂದ.
ಮೈಕ್ರಾದ ಹೊಟ್ಟೆಯಿಂದ ತೆಗೆದದ್ದು ಮೂರು ಪೆನ್ನು, ಒಂಟಿ ಕೈಗವಸು,
ಹೋದ ಚಳಿಗಾಲ ತೀರಿಕೊಂಡ ಮಿಸೆಸ್ ಹೀತ್
ದಿನಕ್ಕೊಂದರಂತೆ ಕೊಟ್ಟ, ನಾನು ತಿನ್ನದ ಪೆಪ್ಪರಮಿಂಟುಗಳು.
ಆರು ವಾರ ಗೊರಗೊರ ಕೆಮ್ಮಿ ನನ್ನನ್ನು ಬಸ್ಸಿಗೆ ಓಡಿಸಿದ್ದು
ಗುರುತಿಲ್ಲದವನ ಕೈಯಲ್ಲಿ, ಆ ಕೊರೆವ ಚಳಿಯಲ್ಲಿ,
ಒಂದೇ ಸಲಕ್ಕೆ ಸ್ಟಾರ್ಟಾಯಿತು.

"ಚೆನ್ನಾಗೇ ಇದೆಯಲ್ಲ ಡಕ್" ಅಂದ ಅವನು.

ನೂರಾ ಎಂಬತ್ತು ಪೌಂಡು ಫೋನಿಗೆ ಬಂದು ಬಿತ್ತು, ಟಿಣ್ ಅಂತ.
ಇಂದುಧರನ ಹಲ್ಲಿಗೆ ಇನ್ನು ಇಪ್ಪತ್ತು ಕಮ್ಮಿ.