ಸಕ್ಕರೆ ವಹಿ, ಕುಮ್ಝಾರ್

ಖಸಬದಿಂದ ಇಲ್ಲಿಗೆ ರಸ್ತೆಯಿಲ್ಲ. ದೋಣಿಯಲ್ಲೇ ಬರಬೇಕು
ಅಕ್ಕಿ, ಔಷಧಿ, ಮದುಮಗಳು, ನಾನು.
ಮೂರು ಕಡೆ ಬೋಳುಬಂಡೆ, ನಾಲ್ಕನೆಯ ಕಡೆ ಹೊರ್ಮುಝ್.
ನಡುವೆ ಅಂಗೈಯಗಲ ನೆಲದಲ್ಲಿ
ಮನೆ, ಮಸೀದಿ, ಮೇಕೆ, ಗೋರಿ,
ಸುಣ್ಣ ಬಳಿದ ನಮ್ಮ ದವಾಖಾನೆ.

ಇವರ ಮಾತನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.
ನನ್ನ ಅಜ್ಜಿಯ ತುಳುವೂ ಬಾಯಿಂದ ಬಾಯಿಗೇ ದಾಟಿದ್ದು;
ಅದಕ್ಕೋ ಏನೋ, ತಿಳಿಯದ ಪದಕ್ಕೂ ತಲೆಯಾಡಿಸುತ್ತೇನೆ.
ಒಂದೊಂದು ಗಾಳಿಗೂ ಒಂದೊಂದು ಹೆಸರು,
ಬೂತಾಯಿ ಮೀನಿಗೆ ಪ್ರಾಯಕ್ಕೊಂದು ಹೆಸರು.
ಈ ಕಾಯಿಲೆಗೆ ಮಾತ್ರ
ಅರಬ್ಬಿಯಿಂದ ಸಾಲ ತಂದಿದ್ದಾರೆ: ಸುಕ್ಕರಿ.
ಮೊದಲು ಕೇಳಿದ ದಿನ ನಗು ಬಂತು. ಸಕ್ಕರೆ!
ಯಾವ ಕಾಲದ ಯಾವ ಪತ್ತೇಮಾರಿ ಹತ್ತಿ
ನಮ್ಮ ಕಡೆಯಿಂದಲೇ ಬಂದಿತ್ತೋ ಈ ಮೂಟೆ.

ಹುಮೈದಜ್ಜನ ಬೆರಳಿಗೆ ಚುಚ್ಚಿದರೆ ರಕ್ತ ಬಾರದು.
ಬಲೆಹಗ್ಗ ಎಳೆದೆಳೆದು ಕಾಯಿಗಟ್ಟಿದ ತುದಿ.
ಕಿವಿಯ ಹಾಲೆಯಿಂದ ಒಂದು ಹನಿ ತೆಗೆದೆ.
ಯಂತ್ರ ಹದಿನೇಳು ಎಂದಿತು.
ಹದಿನೆಂಟರಿಂದ ಗುಣಿಸಿ ಊರಿನ ಲೆಕ್ಕಕ್ಕೆ ತಂದು
ಮುನ್ನೂರಾರು ಎಂದು ಒಳಗೊಳಗೇ ಬೆಚ್ಚಿದೆ.
ಅಜ್ಜ ಏನೋ ಅಂದ. ಮೊಮ್ಮಗಳು ಶಮ್ಸಾ ಅರಬ್ಬಿಗೆ ತಿರುಗಿಸಿದಳು:
ಹದಿನೇಳೇ ಮೀನು ಸಿಕ್ಕಿದ ದಿನ
ತಾನು ದಡಕ್ಕೇ ಬರುವವನಲ್ಲವಂತೆ.

ಮಸ್ಕತ್ತಿನ ಚೀಟಿ ಗೋಡೆಯ ಮೇಲಿತ್ತು:
ದಿನಕ್ಕೆ ಅರ್ಧ ಗಂಟೆ ನಡೆಯಿರಿ.
ಪಕ್ಕದಲ್ಲಿ ಹುಲ್ಲುಹಾಸು, ಮರ, ಬಿಳಿ ಷೂ.
ಎಲ್ಲಿ ನಡೆಯಲಿ, ಮೌಝಾ ಕೇಳಿದಳು, ಗೋರಿಗಳ ಮೇಲೆಯೆ?
ಅವಳ ತಾಯಿ ಬಾವಿಗೆ ನಡೆದವಳು, ಮೇಕೆಯ ಹಿಂದೆ ಬಂಡೆ ಹತ್ತಿದವಳು.
ಈಗ ನಲ್ಲಿಯಿದೆ. ತಣ್ಣಗಿನ ಪೆಟ್ಟಿಗೆಯಿದೆ.
ಕಿತ್ತಳೆ ಬಣ್ಣದ ಸೋಡಾ ದೋಣಿ ತುಂಬ ಬಂದಿಳಿಯುತ್ತದೆ.
ಯಾರನ್ನು ಬೈಯಲಿ? ನೀರು ಹೊರುವುದು ಚಂದವಿತ್ತೆಂದು
ಹೊತ್ತವರು ಯಾರೂ ಹೇಳಲಿಲ್ಲ.

ಚೀಟಿ ಕಿತ್ತೆ. ಅದರ ಬೆನ್ನಿಗೆ ಶಮ್ಸಾ ಬಣ್ಣದಲ್ಲಿ ಬರೆದಳು:
ಸುಟ್ಟ ಮೀನು, ಒಂದು ಮುಷ್ಟಿ ಅನ್ನ,
ಮೂರೇ ಮೂರು ಖರ್ಜೂರ,
ಚಪ್ಪಲಿ ಹಾಕಿದ ಒಂದು ಪಾದ.
ಪಾದಕ್ಕೆ ಆರು ಬೆರಳು ಬಿದ್ದಿದ್ದವು.
ಇರಲಿ, ಎಂದೆ.
ನನ್ನ ಅಪ್ಪನಿಗೆ ಕೊನೆಗೆ ಮೂರು ಉಳಿದಿತ್ತು.
ಮಲ್ಪೆಯ ಧಕ್ಕೆಯಲ್ಲಿ ಹೊಕ್ಕ ಮುಳ್ಳು
ನೋಯಲೇ ಇಲ್ಲವಲ್ಲ ಎಂದು
ಹೆಮ್ಮೆಯಿಂದ ಹೇಳಿಕೊಂಡಿದ್ದ.

ಇನ್ಸುಲಿನ್ ಸೀಸೆಗೆ ಮೀನಿನ ಐಸ್ ಡಬ್ಬಿಯೇ ಗತಿ.
ಐಸಿಗೆ ತಾಗಬಾರದು, ಕಾಲುಚೀಲದಲ್ಲಿ ಸುತ್ತಿಡಿ ಎಂದರೆ
ಚಪ್ಪಲಿಯೇ ಇಲ್ಲದವನಿಗೆ ಎಲ್ಲಿಯ ಕಾಲುಚೀಲ ಎಂದ ಅಜ್ಜ.
ನನ್ನದೇ ಒಂದು ಕೊಟ್ಟೆ. ಒಂಟಿ ಉಳಿದದ್ದು
ಇನ್ನೂ ಹಗ್ಗದ ಮೇಲೆ ಒಣಗುತ್ತಿದೆ.

ನಡೆಯಲಾಗದಿದ್ದರೆ ಹುಟ್ಟು ಹಾಕು, ಎಂದೆ ಒಂದು ದಿನ,
ಸುಮ್ಮನೆ, ಬಾಯಿಗೆ ಬಂದದ್ದು.
ಅಸರ್ ಕಳೆದ ಮೇಲೆ ಎಂಜಿನ್ನು ಎತ್ತಿಟ್ಟು
ಕೊಲ್ಲಿಯ ಒಳಗೇ ಒಂದು ಸುತ್ತು, ಎರಡು ಸುತ್ತು.
ಹುಡುಗರು ದಡದಿಂದ ಕೂಗಿ ನಕ್ಕರು:
ಅಜ್ಜಾ, ಪೆಟ್ರೋಲು ಮುಗಿಯಿತೇ?
ಹೆಂಗಸರು ಒಣಹಳ್ಳದ ಗುಂಟ ಗುಂಪಾಗಿ ನಡೆದರು.
ಗೋರಿ ಬಂದಲ್ಲಿ ಸಲಾಂ ಹೇಳಿ ಸುತ್ತಿಕೊಂಡು,
ಇಲ್ಲಿ ಅತ್ತೆ, ಇಲ್ಲಿ ಮಗು ಎಂದು ನನಗೆ ತೋರಿಸುತ್ತ.

ಹದಿನೇಳು, ಹದಿನಾಲ್ಕು. ನಡುವೆ ಒಂದು ಮದುವೆ, ಹಲ್ವಾ: ಹತ್ತೊಂಬತ್ತು.
ಆಮೇಲೆ ಒಂಬತ್ತು.
ವಹಿಯ ಅಂಕಿಗಳು ಅಲೆಯಂತೆ; ಇಳಿಯಿತೆಂದು ನಂಬಿ
ಬೆನ್ನು ತಿರುಗಿಸಬಾರದು, ಅಷ್ಟೆ.

ಬೇಸಿಗೆ. ಊರಿಗೆ ಊರೇ ಗಂಟುಮೂಟೆ ಕಟ್ಟಿ
ಖಸಬದ ಖರ್ಜೂರದ ತೋಟಕ್ಕೆ ಹೊರಟಿದೆ.
ನಾಯಿ ಬೆಕ್ಕು ಬಿಟ್ಟರೆ ನಾನೂ ಹೊರಡಬೇಕು.
ಮುಂಚಿನ ಕೊಯ್ಲಿನ ಒಂದು ಗೊನೆ ಹೊತ್ತು
ಅಜ್ಜ ಬಾಗಿಲಿಗೆ ಬಂದ. ಕಾಲಲ್ಲಿ ನೀಲಿ ರಬ್ಬರು ಚಪ್ಪಲಿ.
ತಗೋ, ಎಂದ. ನನಗೆ ಮೂರು, ಮಿಕ್ಕಿದ್ದು ನಿನಗೆ.
ನಿನಗೇನು, ಸುಕ್ಕರಿ ಇಲ್ಲವಲ್ಲ.

ಇಸಕೊಂಡೆ. ಭಾರವಿತ್ತು.
ವಹಿಯ ಕೊನೆಯ ಹಾಳೆಯಲ್ಲಿ, ಹೆಸರು ಬರೆಯದ ಸಾಲಿನಲ್ಲಿ,
ಇವತ್ತು ಬೆಳಗ್ಗೆ ಬರಿಹೊಟ್ಟೆಯಲ್ಲಿ
ಎಂಟು ಪಾಯಿಂಟ್ ಎರಡು.